ತಿಂದದ್ದು ಮುಖದಲ್ಲಿ ಕಾಣಿಸಲು ಎಷ್ಟು ದಿನ ಬೇಕು?

ಇವತ್ತು ಕನ್ನಡಿಯಲ್ಲಿ ಕಾಣುವ ಚರ್ಮ ಇವತ್ತಿನ ಊಟದ್ದಲ್ಲ. ಹೊರಪದರದ ತಳದಲ್ಲಿ ಹುಟ್ಟಿದ ಜೀವಕೋಶ ಸ್ವಲ್ಪಸ್ವಲ್ಪವೇ ಮೇಲಕ್ಕೆ ಸರಿಯುತ್ತದೆ, ದಾರಿಯುದ್ದಕ್ಕೂ ಕೆರಟಿನ್ ತುಂಬಿಕೊಂಡು ಚಪ್ಪಟೆಯಾಗುತ್ತದೆ, ಸಾಯುತ್ತದೆ, ಕೊನೆಗೆ ಕಣ್ಣಿಗೆ ಕಾಣದ ಹೊಟ್ಟಾಗಿ ಉದುರಿಹೋಗುತ್ತದೆ. ಪ್ರಾಯದವರಲ್ಲಿ ಈ ಪಯಣಕ್ಕೆ ಸುಮಾರು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ವಯಸ್ಸಾದಂತೆ ಇನ್ನೂ ನಿಧಾನ. ಬೆರಳಿಗೆ ತಾಕುವ ಪದರ ತಿಂಗಳ ಹಿಂದೆ ಕಟ್ಟಲು ಶುರುವಾದದ್ದು. ಅದರ ಕೆಳಗಿನ ಒಳಪದರದ ಲೆಕ್ಕವಂತೂ ಬೇರೆಯೇ. ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರುಗಳಲ್ಲಿ ಅರ್ಧದಷ್ಟು ಬದಲಾಗಲು ಸರಿಸುಮಾರು 15 ವರ್ಷ ಬೇಕು.

ಆಹಾರ ಮತ್ತು ಚರ್ಮದ ವಿಷಯದಲ್ಲಿ ಕಿವಿಗೆ ಬೀಳುವ ಮಾತುಗಳನ್ನು ತೂಗಿ ನೋಡಲು ಈ ಎರಡು ಲೆಕ್ಕ ಸಾಕು. ವಾರದಲ್ಲಿ ಮುಖ ಹೊಳೆಯುತ್ತದೆ ಎಂದು ಯಾರಾದರೂ ಹೇಳಿದರೆ, ಅಷ್ಟರಲ್ಲಿ ಹೊಸ ಪದರ ಮೇಲೆ ಬಂದಿರುವುದೇ ಇಲ್ಲ. ಹುಟ್ಟಿನಿಂದ ಬಂದ ಮೈಬಣ್ಣವನ್ನು ಬೆಳ್ಳಗೆ ಮಾಡುವ ಆಹಾರವೂ ಇಲ್ಲ. ಆ ಬಣ್ಣವನ್ನು ತೀರ್ಮಾನಿಸುವುದು ವಂಶವಾಹಿಗಳು ಮತ್ತು ಬಿಸಿಲು. ಆಹಾರದಿಂದ ಆಗುವುದು ಮುಖ್ಯವಾಗಿ ಎರಡು: ಕೊರತೆಯಿಂದ ಕೆಟ್ಟ ಚರ್ಮ ಸರಿಹೋಗುತ್ತದೆ, ಅತಿಯಾದದ್ದರಿಂದ ಕೆಟ್ಟ ಚರ್ಮ ನಿಧಾನವಾಗಿ ಸುಧಾರಿಸುತ್ತದೆ. ಎರಡೂ ಸಣ್ಣ ಸಂಗತಿಗಳಲ್ಲ.

ಕೊರತೆ ಮೊದಲು ಬರೆಯುವುದು ಚರ್ಮದ ಮೇಲೆ

ದೇಹಕ್ಕೆ ಪೋಷಕಾಂಶ ಕಡಿಮೆಯಾದಾಗ ಹೃದಯ, ಮಿದುಳು, ಯಕೃತ್ತುಗಳ ಪಾಲು ಮೊದಲು ಹೋಗುತ್ತದೆ. ಚರ್ಮ, ಕೂದಲು, ಉಗುರುಗಳಿಗೆ ಉಳಿದದ್ದು. ಅಲ್ಲದೆ ಬೇಗ ಬೇಗ ಹುಟ್ಟಿ ಸಾಯುವ ಅಂಗಾಂಶವಾದ್ದರಿಂದ ಕಚ್ಚಾಮಾಲು ಕಡಿಮೆಯಾದ ಕೂಡಲೇ ಇಲ್ಲಿ ಕೆಲಸ ಕೆಡುತ್ತದೆ.

ವಿಟಮಿನ್ ಸಿ ತೆಗೆದುಕೊಳ್ಳಿ. ಕೊಲಾಜೆನ್ ಎಂದರೆ ಮೂರು ಎಳೆಗಳನ್ನು ಹೊಸೆದ ಹಗ್ಗ. ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹಿಡಿದುಕೊಳ್ಳಬೇಕಾದರೆ ಅವುಗಳಲ್ಲಿನ ಪ್ರೋಲಿನ್ ಮತ್ತು ಲೈಸಿನ್ ಎಂಬ ಅಮೈನೋ ಆಮ್ಲಗಳಿಗೆ ಆಮ್ಲಜನಕ-ಜಲಜನಕದ ಜೋಡಿಯೊಂದು ಅಂಟಬೇಕು. ಅಂಟಿಸುವ ಕಿಣ್ವಗಳು ವಿಟಮಿನ್ ಸಿ ಇಲ್ಲದೆ ನಿಂತುಹೋಗುತ್ತವೆ. ಆಗ ಹೊಸೆದ ಹಗ್ಗ ಸಡಿಲವಾಗಿ, ಮೈಯ ಸಾಮಾನ್ಯ ಬಿಸಿಗೇ ಬಿಚ್ಚಿಕೊಳ್ಳುತ್ತದೆ. ದಿನಕ್ಕೆ 10 ಮಿಲಿಗ್ರಾಂಗಿಂತ ಕಡಿಮೆ ಸಿಕ್ಕರೆ ಒಂದರಿಂದ ಮೂರು ತಿಂಗಳಲ್ಲಿ ಸ್ಕರ್ವಿ ತಲೆಹಾಕುತ್ತದೆ. ಕಾಲಿನ ರೋಮದ ಬುಡಗಳ ಸುತ್ತ ಕೆಂಪು ಚುಕ್ಕೆ, ಸುರುಳಿ ಸುತ್ತಿಕೊಂಡ ರೋಮ, ಊದಿ ರಕ್ತ ಸುರಿಯುವ ಒಸಡು, ವಾಸಿಯಾಗದ ಗಾಯ, ಇವೇ ಅದರ ಗುರುತು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಸಾಲಿಸ್‌ಬರಿ ಎಂಬ ಹಡಗಿನಲ್ಲಿ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ ಬೇರೆ ಬೇರೆ ಚಿಕಿತ್ಸೆ ಕೊಟ್ಟಾಗ, ಎಲ್ಲರಿಗಿಂತ ಬೇಗ ಚೇತರಿಸಿಕೊಂಡದ್ದು ಕಿತ್ತಳೆ ಮತ್ತು ನಿಂಬೆ ತಿಂದ ಜೋಡಿ.

ಇಷ್ಟೆಲ್ಲ ಆದರೂ ಬೇಕಾದ ಪ್ರಮಾಣ ದೊಡ್ಡದಲ್ಲ. ವಯಸ್ಕರಿಗೆ ಬೇರೆ ಬೇರೆ ದೇಶಗಳು ಹೇಳುವ ಅಳತೆ ದಿನಕ್ಕೆ 40ರಿಂದ 110 ಮಿಲಿಗ್ರಾಂ. ಒಂದು ಮಧ್ಯಮ ಗಾತ್ರದ ಕಿತ್ತಳೆಯಲ್ಲಿ 70ರ ಆಸುಪಾಸು ಇರುತ್ತದೆ, 100 ಗ್ರಾಂ ಸೀಬೆಯಲ್ಲಿ 200 ದಾಟುತ್ತದೆ. ಎಡವಟ್ಟಾಗುವುದು ಅಡುಗೆಯಲ್ಲಿ: ಈ ವಿಟಮಿನ್ ನೀರಿಗೆ ಬಿಟ್ಟುಕೊಳ್ಳುತ್ತದೆ, ಬಿಸಿಗೆ ನಾಶವಾಗುತ್ತದೆ. ತರಕಾರಿಯನ್ನು ಹೆಚ್ಚಿ ನೆನೆಹಾಕಿ, ಚೆನ್ನಾಗಿ ಬೇಯಿಸಿ, ಬೆಂದ ನೀರು ಬಸಿದು ಚೆಲ್ಲಿದರೆ ತಟ್ಟೆಗೆ ಬರುವುದು ಅಲ್ಪಸ್ವಲ್ಪ. ದಿನಕ್ಕೊಂದು ಹಸಿ ಹಣ್ಣು ತಿಂದರೆ ಈ ಚಿಂತೆ ಮುಗಿಯಿತು. ಅದಕ್ಕಿಂತ ಹತ್ತು ಪಟ್ಟು ನುಂಗಿದರೆ ಚರ್ಮ ಹತ್ತು ಪಟ್ಟು ಗಟ್ಟಿಯಾಗುವುದಿಲ್ಲ. ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ.

ಕೊಬ್ಬಿನ ವಿಷಯದಲ್ಲಿ ತಪ್ಪು ಇನ್ನೂ ಸಾಮಾನ್ಯ. ಚರ್ಮದ ತೀರಾ ಮೇಲಿನ ಪದರವನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದುಂಟು: ಸತ್ತ ಜೀವಕೋಶಗಳೇ ಇಟ್ಟಿಗೆ, ನಡುವಿನ ಗಾರೆ ಎಂದರೆ ಸಿರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಆ ಗಾರೆಯ ಒಂದು ಮುಖ್ಯ ಸಿರಮೈಡ್ ಕಟ್ಟಲು ಲಿನೋಲಿಕ್ ಆಮ್ಲ ಎಂಬ ಕೊಬ್ಬಿನಾಮ್ಲವೇ ಆಗಬೇಕು, ಅದನ್ನು ನಮ್ಮ ದೇಹ ತಯಾರಿಸಲಾರದು. 1929ರಲ್ಲಿ ಅಮೆರಿಕದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಇಲಿಗಳಿಗೆ ಕೊಬ್ಬೇ ಇಲ್ಲದ ಆಹಾರ ಕೊಟ್ಟಾಗ ಅವುಗಳ ಚರ್ಮ ಹೊಟ್ಟೆದ್ದು ಬಾಲ ಬಿರಿಯಿತು. ಲಿನೋಲಿಕ್ ಆಮ್ಲ ಕೊಟ್ಟ ಮೇಲೆ ವಾಸಿಯಾಯಿತು. ಗಾರೆ ಬಿರುಕು ಬಿಟ್ಟ ಗೋಡೆಯ ಹಾಗೆ ಇಂಥ ಚರ್ಮದಿಂದ ನೀರು ಸೋರಿಹೋಗುತ್ತದೆ, ಮೇಲೆ ಎಷ್ಟು ಕ್ರೀಮ್ ಬಳಿದರೂ ಒಣಗುತ್ತಲೇ ಇರುತ್ತದೆ. 2,000 ಕ್ಯಾಲರಿ ತಿನ್ನುವವರಿಗೆ ಶಕ್ತಿಯ ಶೇ. 2ರಷ್ಟು, ಅಂದರೆ ನಾಲ್ಕೂವರೆ ಗ್ರಾಂ ಲಿನೋಲಿಕ್ ಆಮ್ಲ ಸಾಕು. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯ ಒಂದು ದೊಡ್ಡ ಚಮಚದಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ಎಳ್ಳು, ವಾಲ್‌ನಟ್, ಕಡಲೆಕಾಯಿಗಳಲ್ಲೂ ಸಿಗುತ್ತದೆ. ತೂಕ ಇಳಿಸುವ ಭರದಲ್ಲಿ ಎಣ್ಣೆ, ಬೀಜ, ಕಾಳು ಎಲ್ಲವನ್ನೂ ಬಿಟ್ಟವರ ಮೊಣಕಾಲ ಕೆಳಗಿನ ಚರ್ಮ ಹೊಟ್ಟು ಹೊಟ್ಟಾದರೆ ಮೊದಲು ಇದನ್ನು ಅನುಮಾನಿಸಬೇಕು.

ಉಳಿದ ಕೊರತೆಗಳಿಗೂ ಅವುಗಳದೇ ಜಾಗಗಳಿವೆ. ಸತು ಕಡಿಮೆಯಾದರೆ ಬಾಯಿ, ಗುದದ್ವಾರ, ಕೈಕಾಲು ಬೆರಳುಗಳ ಸುತ್ತ ಕೆಂಪಗೆ ಹೊಪ್ಪಳೆ ಏಳುತ್ತದೆ. ನಯಾಸಿನ್ (ವಿಟಮಿನ್ ಬಿ3) ಕಡಿಮೆಯಾದರೆ ಬಿಸಿಲು ಬೀಳುವಲ್ಲೇ ಚರ್ಮ ಸುಟ್ಟಂತೆ ಕಪ್ಪಾಗಿ ಒರಟಾಗುತ್ತದೆ, ಕುತ್ತಿಗೆಯ ಸುತ್ತ ಹಾರ ಹಾಕಿದಂತೆ. ಪೆಲ್ಲಾಗ್ರ ಎಂಬ ಈ ರೋಗವನ್ನು 1735ರಲ್ಲಿ ಮೊದಲು ವಿವರಿಸಿದ ಸ್ಪೇನ್‌ನ ವೈದ್ಯ ಗಾಸ್ಪರ್ ಕಸಾಲ್ ಹೆಸರಲ್ಲೇ ಆ ಹಾರವನ್ನು ಇಂದಿಗೂ ಗುರುತಿಸುತ್ತಾರೆ. ಬಿ12 ಕಡಿಮೆಯಾದರೆ ಬೆರಳ ಗೆಣ್ಣುಗಳ ಮೇಲೆ, ಅಂಗೈ ಗೆರೆಗಳಲ್ಲಿ ಕಪ್ಪು ಸೇರಿಕೊಳ್ಳುತ್ತದೆ. ಪ್ರಾಣಿಮೂಲದ ಆಹಾರವನ್ನು ಪೂರ್ತಿ ಬಿಟ್ಟವರು ಇದನ್ನು ಗಮನಿಸಬೇಕು, ಏಕೆಂದರೆ ಸಸ್ಯಮೂಲದ ಆಹಾರದಲ್ಲಿ ಭರವಸೆಯಿಡುವಂಥ ಬಿ12 ಇಲ್ಲ. ಕಬ್ಬಿಣ ಕಡಿಮೆಯಾದರೆ ಮುಖ ಬಿಳಿಚಿಕೊಳ್ಳುತ್ತದೆ, ಕಟವಾಯಿ ಬಿರಿಯುತ್ತದೆ, ಉಗುರು ಚಮಚದಂತೆ ಕುಳಿಬೀಳುತ್ತದೆ, ಕೂದಲು ಬಾಚಣಿಗೆ ತುಂಬ ಬರುತ್ತದೆ.

ಕಾಳು, ಧಾನ್ಯಗಳಲ್ಲಿ ಸತುವೂ ಕಬ್ಬಿಣವೂ ಇರುತ್ತವೆ, ಆದರೆ ಅಲ್ಲೇ ಇರುವ ಫೈಟೇಟ್ ಎಂಬ ವಸ್ತು ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆನೆಸಿ ಮೊಳಕೆ ಬರಿಸಿದರೆ ಅಥವಾ ಹುದುಗು ಬರಿಸಿದರೆ ಫೈಟೇಟ್ ಕಡಿಮೆಯಾಗುತ್ತದೆ. ಜೊತೆಗೆ ಹುಳಿ ಹಣ್ಣು ತಿಂದರೆ ಕಬ್ಬಿಣ ಹೆಚ್ಚು ಹೀರಿಕೊಳ್ಳುತ್ತದೆ. ಊಟದ ಬೆನ್ನಿಗೇ ಚಹಾ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ, ಒಂದು ಗಂಟೆಯಾದರೂ ಅಂತರವಿರಲಿ.

ಕುತ್ತಿಗೆಯ ಕಪ್ಪು ಕೊಳೆಯಲ್ಲ

ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಕಪ್ಪಗೆ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪಗೆ ಚರ್ಮ ಕಾಣಿಸಿಕೊಂಡರೆ ಮನೆಯವರು ಮೊದಲು ಮಾಡುವ ಕೆಲಸ ಉಜ್ಜುವುದು. ಕೊಳೆ ಎಂದು ಬೈಸಿಕೊಂಡು, ನಾಚಿಕೊಂಡು, ಚರ್ಮ ಕಿತ್ತುಬರುವಷ್ಟು ತಿಕ್ಕಿಕೊಳ್ಳುವ ಮಕ್ಕಳಿದ್ದಾರೆ. ದಯವಿಟ್ಟು ಇದನ್ನು ನಿಲ್ಲಿಸಿ. ಅದು ಕೊಳೆಯಲ್ಲ. ರಕ್ತದಲ್ಲಿ ಇನ್ಸುಲಿನ್ ಸದಾ ಹೆಚ್ಚಿದ್ದಾಗ ಅದು ಚರ್ಮದ ಜೀವಕೋಶಗಳ ಮೇಲಿನ ಬೆಳವಣಿಗೆಯ ಗುಂಡಿಯನ್ನು ಒತ್ತುತ್ತಲೇ ಇರುತ್ತದೆ. ಪದರ ಮಡಿಕೆ ಮಡಿಕೆಯಾಗಿ ದಪ್ಪವಾಗುತ್ತದೆ, ಆ ದಪ್ಪವೇ ಕಪ್ಪಾಗಿ ಕಾಣುತ್ತದೆ. ಉಜ್ಜಿದಷ್ಟೂ ಇನ್ನೂ ದಪ್ಪವಾಗುತ್ತದೆ. ಅದೇ ಜಾಗದಲ್ಲಿ ನೇತಾಡುವ ಸಣ್ಣ ಸಣ್ಣ ಚರ್ಮದ ಗಂಟುಗಳೂ ಏಳುವುದುಂಟು. ಇದಕ್ಕೆ ಅಕಾಂತೋಸಿಸ್ ನೈಗ್ರಿಕನ್ಸ್ ಎಂದು ಹೆಸರು.

ಇದನ್ನು ಕಂಡವರು ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ಪರೀಕ್ಷೆ ಮಾಡಿಸಬೇಕು, ಏಕೆಂದರೆ ಸಕ್ಕರೆ ಕಾಯಿಲೆ ಬರುವ ವರ್ಷಗಳ ಮೊದಲೇ ಕುತ್ತಿಗೆ ಈ ಸುಳಿವು ಕೊಡಬಲ್ಲದು. ತೂಕ ಹೆಚ್ಚಿದ್ದವರು ಇಳಿಸಿಕೊಂಡರೆ, ಸಕ್ಕರೆ ಪಾನೀಯ ಬಿಟ್ಟರೆ, ದಿನವೂ ನಡೆದರೆ, ತಿಂಗಳುಗಳಲ್ಲಿ ಚರ್ಮ ತೆಳುವಾಗುತ್ತ ಬರುತ್ತದೆ. ತೆಳ್ಳಗಿರುವ ವಯಸ್ಕರಲ್ಲಿ ಇದು ಇದ್ದಕ್ಕಿದ್ದಂತೆ ಬಂದು ಬೇಗ ಹರಡಿದರೆ ಮಾತ್ರ ಕಾರಣ ಬೇರೆಯೇ ಗಂಭೀರವಾದದ್ದು ಇರಬಹುದು. ತಡಮಾಡದೆ ವೈದ್ಯರಲ್ಲಿ ಹೋಗಬೇಕು.

ಮೊಡವೆಯ ಹಿಂದೆಯೂ ಇದೇ ಇನ್ಸುಲಿನ್ ಇದೆ. ಬೇಗ ಸಕ್ಕರೆಯಾಗುವ ಆಹಾರ ತಿಂದಾಗ ಇನ್ಸುಲಿನ್ ಏರುತ್ತದೆ. ಅದರ ಜೊತೆಗೆ ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನಿನ ಕೈ ಮೇಲಾಗುತ್ತದೆ, ಗಂಡುಹಾರ್ಮೋನುಗಳ ಪ್ರಭಾವವೂ ಹೆಚ್ಚುತ್ತದೆ. ಎಣ್ಣೆ ಗ್ರಂಥಿಗಳು ಹೆಚ್ಚು ಜಿಡ್ಡು ಸುರಿಸುತ್ತವೆ, ರೋಮಕೂಪದ ಗೋಡೆಯ ಜೀವಕೋಶಗಳು ಬೇಕಾದ್ದಕ್ಕಿಂತ ಹೆಚ್ಚು ಹುಟ್ಟಿ ಬಾಯಿ ಕಟ್ಟುತ್ತವೆ, ಕಟ್ಟಿದ ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಉರಿಯೂತ ಏಳುತ್ತದೆ. ಈ ಕಟ್ಟುವಿಕೆ ಗುಳ್ಳೆ ಕಾಣಿಸುವುದಕ್ಕೆ ವಾರಗಟ್ಟಲೆ ಮೊದಲೇ ಶುರುವಾಗಿರುತ್ತದೆ. ಆದ್ದರಿಂದ ನಿನ್ನೆ ತಿಂದ ಸಿಹಿಯನ್ನು ಇವತ್ತಿನ ಗುಳ್ಳೆಗೆ ಗಂಟುಹಾಕುವುದು ತಪ್ಪು ಲೆಕ್ಕ.

2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಹುಡುಗರನ್ನು ಎರಡು ಗುಂಪು ಮಾಡಿ 12 ವಾರ ಬೇರೆ ಬೇರೆ ಊಟ ಕೊಟ್ಟು ನೋಡಿದರು. ಸಕ್ಕರೆ ನಿಧಾನವಾಗಿ ಏರಿಸುವ ಊಟ ಮಾಡಿದವರಲ್ಲಿ ಮೊಡವೆಗಳು ಸರಾಸರಿ 23.5 ಕಡಿಮೆಯಾದವು, ಮಾಮೂಲಿ ಊಟದವರಲ್ಲಿ 12. ಮೊದಲ ಗುಂಪಿನವರ ತೂಕವೂ ಇಳಿದಿತ್ತು, ಹಾಗಾಗಿ ಗುಣ ಯಾವುದರಿಂದ ಎಷ್ಟು ಎಂದು ಬಿಡಿಸಿ ಹೇಳಲಾಗದು. ಎರಡನೆಯ ಗುಂಪಿನಲ್ಲೂ 12 ಕಡಿಮೆಯಾಯಿತಲ್ಲ, ಅದನ್ನು ಮರೆಯಬಾರದು: ಮೊಡವೆ ತಾನಾಗಿಯೂ ಏರಿಳಿಯುತ್ತದೆ.

ಯಾವ ಆಹಾರ ಎಷ್ಟು ಸಕ್ಕರೆ ಏರಿಸುತ್ತದೆ ಎಂದು ಅಳೆಯಲು ಗ್ಲೈಸೆಮಿಕ್ ಲೋಡ್ ಎಂಬ ಲೆಕ್ಕವಿದೆ. ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂದು ಹೇಳುವ ಗ್ಲೈಸೆಮಿಕ್ ಸೂಚ್ಯಂಕವನ್ನು (ಗ್ಲೂಕೋಸ್‌ಗೆ 100) ನೀವು ತಿನ್ನುವ ಪಾಲಿನಲ್ಲಿರುವ ಕಾರ್ಬೋಹೈಡ್ರೇಟ್ ಗ್ರಾಂಗಳಿಂದ ಗುಣಿಸಿ 100ರಿಂದ ಭಾಗಿಸಿ. 330 ಮಿಲಿಲೀಟರ್ ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಸೂಚ್ಯಂಕ 60ರ ಹತ್ತಿರ, ಲೋಡ್ 21. ಒಂದು ಸೇಬಿನಲ್ಲಿ 15 ಗ್ರಾಂ, ಸೂಚ್ಯಂಕ 40ರ ಒಳಗೆ, ಲೋಡ್ 6. ಹತ್ತರೊಳಗಿದ್ದರೆ ಕಡಿಮೆ, ಇಪ್ಪತ್ತು ಮುಟ್ಟಿದರೆ ಹೆಚ್ಚು. ಪ್ರತಿ ತುತ್ತಿಗೂ ಲೆಕ್ಕ ಹಾಕುತ್ತ ಕೂರಬೇಕಿಲ್ಲ. ಸಕ್ಕರೆ ಕುಡಿಯುವುದನ್ನು ಬಿಡುವುದು, ಪಾಲಿಶ್ ಮಾಡಿದ ಧಾನ್ಯದ ಪಾಲನ್ನು ತಟ್ಟೆಯ ಕಾಲುಭಾಗಕ್ಕೆ ಇಳಿಸಿ ಆ ಜಾಗಕ್ಕೆ ಕಾಳು, ತರಕಾರಿ, ಮೊಟ್ಟೆ ಅಥವಾ ಮೀನು ತರುವುದು, ಇಷ್ಟರಲ್ಲೇ ಹೆಚ್ಚಿನ ಲಾಭವಿದೆ.

ಹಾಲಿನ ವಿಷಯ ಇಷ್ಟು ಸ್ಪಷ್ಟವಲ್ಲ. ಹಾಲು ಹೆಚ್ಚು ಕುಡಿಯುವವರಲ್ಲಿ ಮೊಡವೆ ಸ್ವಲ್ಪ ಹೆಚ್ಚು ಎಂದು ಸಮೀಕ್ಷೆಗಳು ತೋರಿಸಿವೆ, ಕೆನೆ ತೆಗೆದ ಹಾಲಿನಲ್ಲೂ ಈ ನಂಟು ಕಂಡಿದೆ. ಹಾಲೇ ಕಾರಣ ಎಂದು ಅದರಿಂದ ಸಾಬೀತಾಗುವುದಿಲ್ಲ. ಆದರೆ ವ್ಯಾಯಾಮಶಾಲೆಗೆ ಹೋಗಲು ಶುರುಮಾಡಿ, ಹಾಲಿನಿಂದಲೇ ತೆಗೆದ ವೇ ಪ್ರೋಟೀನ್ ಪುಡಿ ಕುಡಿಯುವ ಯುವಕರ ಎದೆ, ಬೆನ್ನಿನ ಮೇಲೆ ಹೊಸದಾಗಿ ಮೊಡವೆ ಎದ್ದರೆ ಆ ಪುಡಿಯನ್ನು ಮೂರು ತಿಂಗಳು ನಿಲ್ಲಿಸಿ ನೋಡುವುದು ಸರಿ. ವೇ ಇನ್ಸುಲಿನ್ನನ್ನು ಜೋರಾಗಿ ಏರಿಸುತ್ತದೆ. ಕರಿದದ್ದು ತಿಂದರೆ ಆ ಎಣ್ಣೆಯೇ ಮುಖದಲ್ಲಿ ಒಸರುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಮುಖದ ಜಿಡ್ಡನ್ನು ಗ್ರಂಥಿಗಳು ತಾವೇ ತಯಾರಿಸುತ್ತವೆ.

ಸಕ್ಕರೆ, ಬಿಸಿಲು, ಟೊಮೆಟೊ

ಅರ್ಧ ಕೊಲಾಜೆನ್ ಬದಲಾಗಲು ಹದಿನೈದು ವರ್ಷ ಎಂದೆವಲ್ಲ, ಆ ಅವಧಿಯುದ್ದಕ್ಕೂ ಅದು ರಕ್ತದ ಸಕ್ಕರೆಯ ಜೊತೆಗೇ ಬದುಕಬೇಕು. ಸಕ್ಕರೆಯ ಅಣುಗಳು ಮೆಲ್ಲನೆ ನಾರಿಗೆ ಅಂಟಿ, ಪಕ್ಕದ ನಾರಿಗೂ ಅಡ್ಡಕಟ್ಟು ಹಾಕುತ್ತವೆ. ಬ್ರೆಡ್ಡು ಸುಟ್ಟಾಗ ಕಂದು ಬಣ್ಣ ಬರಿಸುವ ರಾಸಾಯನಿಕ ಕ್ರಿಯೆಯೇ ಇದು, ಮೈಯಲ್ಲಿ ಬಹಳ ನಿಧಾನವಾಗಿ ನಡೆಯುತ್ತದೆ. ನಾರು ಬಿರುಸಾಗುತ್ತದೆ, ಬಾಗುವ ಗುಣ ಹೋಗುತ್ತದೆ. ಹಲವು ವರ್ಷ ಸಕ್ಕರೆ ಹತೋಟಿ ತಪ್ಪಿದವರಲ್ಲಿ ಎರಡೂ ಅಂಗೈ ಜೋಡಿಸಿ ಮುಗಿದರೆ ಬೆರಳುಗಳು ಪೂರ್ತಿ ತಾಗದೆ ಸಂದು ಉಳಿಯುವುದು ಇದರ ಕಣ್ಣಿಗೆ ಕಾಣುವ ರೂಪ. ಒಮ್ಮೆ ಬಿದ್ದ ಅಡ್ಡಕಟ್ಟನ್ನು ಬಿಚ್ಚುವ ಆಹಾರವಿಲ್ಲ. ಹೊಸದು ಬೀಳದಂತೆ ತಡೆಯುವುದಷ್ಟೇ ನಮ್ಮ ಕೈಯಲ್ಲಿದೆ.

ಸುಕ್ಕಿಗೆ ಸಕ್ಕರೆಗಿಂತ ದೊಡ್ಡ ಕಾರಣ ಬಿಸಿಲು. ಆಹಾರ ಇಲ್ಲಿ ಸಣ್ಣ ಸಹಾಯ ಮಾಡಬಲ್ಲದು. 2001ರಲ್ಲಿ ಜರ್ಮನಿಯಲ್ಲಿ ನಡೆದ ಒಂದು ಪ್ರಯೋಗದಲ್ಲಿ ದಿನಕ್ಕೆ 40 ಗ್ರಾಂ ಟೊಮೆಟೊ ಪೇಸ್ಟನ್ನು 10 ಗ್ರಾಂ ಆಲಿವ್ ಎಣ್ಣೆಯೊಂದಿಗೆ ತಿಂದವರ ಚರ್ಮ ಅತಿನೇರಳೆ ಕಿರಣಕ್ಕೆ ಕೆಂಪಾಗುವುದು ಹತ್ತು ವಾರದ ಹೊತ್ತಿಗೆ ಶೇ. 40ರಷ್ಟು ಕಡಿಮೆಯಾಗಿತ್ತು, ನಾಲ್ಕನೇ ವಾರದಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಮತ್ತೆ ಅದೇ ವಾರಗಳ ಲೆಕ್ಕ. ಎಣ್ಣೆ ಸೇರಿಸಿದ್ದು ಸುಮ್ಮನಲ್ಲ: ಟೊಮೆಟೊದ ಲೈಕೊಪೀನ್, ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಕೊಬ್ಬಿನಲ್ಲಿ ಕರಗುವಂಥವು, ಕೊಬ್ಬಿಲ್ಲದೆ ತಿಂದರೆ ಹೆಚ್ಚಿನ ಪಾಲು ಹಾಗೇ ಹೊರಹೋಗುತ್ತದೆ. ಇಷ್ಟಾದರೂ ಈ ರಕ್ಷಣೆ ಟೋಪಿಗೂ ಸನ್‌ಸ್ಕ್ರೀನಿಗೂ ಸಮವಲ್ಲ. ಇನ್ನೊಂದು ಎಚ್ಚರ: ನಿಂಬೆರಸವನ್ನು ಕುಡಿಯಿರಿ, ಮುಖಕ್ಕೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ. ಅದರಲ್ಲಿನ ಒಂದು ರಾಸಾಯನಿಕ ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ, ಆ ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ನೀರಿನ ಬಗ್ಗೆ ಒಂದೇ ಮಾತು. ನೀರು ಕಡಿಮೆ ಕುಡಿಯುವವರು ಬಾಯಾರಿಕೆ ತೀರುವಷ್ಟು, ಮೂತ್ರ ತಿಳಿಹಳದಿಯಾಗುವಷ್ಟು ಕುಡಿಯಬೇಕು. ಸಾಕಷ್ಟು ಕುಡಿಯುವವರು ಇನ್ನೂ ಎರಡು ಲೀಟರ್ ಕುಡಿದರೆ ಒಣಚರ್ಮ ಹಸಿಯಾಗುವುದಿಲ್ಲ. ಚರ್ಮದಲ್ಲಿ ನೀರು ನಿಲ್ಲಿಸುವುದು ಮೇಲೆ ಹೇಳಿದ ಗಾರೆ.

ಮಾತ್ರೆಗಳು ಮಾಡುವ ಅನಾಹುತ

ಚರ್ಮಕ್ಕೆಂದು ಮಾರುವ ಮಾತ್ರೆಗಳಲ್ಲಿ ಹೆಚ್ಚು ಹೆದರಬೇಕಾದದ್ದು ವಿಟಮಿನ್ ಎ. ಕಡಿಮೆಯಾದರೆ ಮೊಣಕೈ, ಮೊಣಕಾಲ ಮೇಲೆ ಮುಳ್ಳು ಮುಳ್ಳಾದ ಕಪ್ಪೆಚರ್ಮ ಬರುತ್ತದೆ, ನಿಜ. ಹೆಚ್ಚಾದರೂ ತುಟಿ ಒಡೆದು ಚರ್ಮ ಸುಲಿದು ಕೂದಲು ಉದುರುತ್ತದೆ. ಒಣಗಿದೆ ಎಂದು ಇನ್ನಷ್ಟು ನುಂಗಿದರೆ ಇನ್ನಷ್ಟು ಒಣಗುತ್ತದೆ. ವಯಸ್ಕರಿಗೆ ರೆಟಿನಾಲ್ (ಸಿದ್ಧ ವಿಟಮಿನ್ ಎ) ರೂಪದಲ್ಲಿ ದಿನಕ್ಕೆ 3,000 ಮೈಕ್ರೊಗ್ರಾಂ ದಾಟಬಾರದು, ಗರ್ಭಿಣಿಯರಲ್ಲಿ ಅತಿಯಾದ ರೆಟಿನಾಲ್ ಮಗುವಿಗೆ ಅಂಗವೈಕಲ್ಯ ತರಬಲ್ಲದು. ಕ್ಯಾರೆಟ್, ಕುಂಬಳದಿಂದ ಬಂದು ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್‌ಗೆ ಈ ಭಯವಿಲ್ಲ. ಅದನ್ನು ವಿಪರೀತ ತಿಂದರೆ ಅಂಗೈ, ಅಂಗಾಲು, ಮೂಗಿನ ಬದಿಗಳು ಹಳದಿಯಾಗುತ್ತವೆ. ಕಾಮಾಲೆಯಲ್ಲಿ ಕಣ್ಣಿನ ಬಿಳಿಯೂ ಹಳದಿಯಾಗುತ್ತದೆ, ಇಲ್ಲಿ ಕಣ್ಣು ಬೆಳ್ಳಗೇ ಇರುತ್ತದೆ. ತಿನ್ನುವುದು ಕಡಿಮೆ ಮಾಡಿದರೆ ಸರಿಹೋಗುತ್ತದೆ. ಆದರೆ ಅದೇ ಬೀಟಾ ಕ್ಯಾರೊಟಿನ್ ಮಾತ್ರೆಯಾದಾಗ ಕಥೆ ಬೇರೆ: 29,133 ಗಂಡಸರು, ಎಲ್ಲರೂ ಧೂಮಪಾನಿಗಳು, ಪಾಲ್ಗೊಂಡ ಫಿನ್‌ಲೆಂಡ್‌ನ ಅಧ್ಯಯನದಲ್ಲಿ ದಿನಕ್ಕೆ 20 ಮಿಲಿಗ್ರಾಂ ಮಾತ್ರೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಯಿತು ಎಂದು 1994ರಲ್ಲಿ ತಿಳಿದುಬಂತು.

ಸತುವನ್ನು ದಿನಕ್ಕೆ 40 ಮಿಲಿಗ್ರಾಂ ಮೀರಿ ತಿಂಗಳುಗಟ್ಟಲೆ ನುಂಗಿದರೆ ತಾಮ್ರದ ಕೊರತೆಯಾಗುತ್ತದೆ. ಬಿ12 ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಮೊಡವೆ ಏಳುತ್ತದೆ. ಕೂದಲು-ಚರ್ಮಕ್ಕೆಂದು ಮಾರುವ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು, ರಕ್ತ ಕೊಡುವ ಮುನ್ನ ಈ ಮಾತ್ರೆಯ ವಿಷಯ ಹೇಳಲೇಬೇಕು. ಕೊಲಾಜೆನ್ ಪುಡಿಯನ್ನು ಕುಡಿದರೆ ಅದು ನೇರ ಕೆನ್ನೆಗೆ ಹೋಗಿ ಕೂರುವುದಿಲ್ಲ. ಹೊಟ್ಟೆಯಲ್ಲಿ ಅಮೈನೋ ಆಮ್ಲಗಳಾಗಿ, ಸಣ್ಣ ತುಂಡುಗಳಾಗಿ ಒಡೆಯುತ್ತದೆ. ಸ್ವಲ್ಪ ಲಾಭ ತೋರಿಸಿದ ಪ್ರಯೋಗಗಳಿವೆ, ಆದರೆ ಅವುಗಳಲ್ಲಿ ಅನೇಕಕ್ಕೆ ಹಣ ಕೊಟ್ಟದ್ದು ತಯಾರಕರೇ. ಆ ದುಡ್ಡಿಗೆ ಮೊಟ್ಟೆ, ಕಾಳು, ಹಣ್ಣು ಕೊಳ್ಳುವುದು ಮೇಲು.

ಆಹಾರ ಬಿಡಿಸುವ ಮುನ್ನ

ಇಸುಬು ಇರುವ ಮಗುವಿಗೆ ಹಾಲು, ಮೊಟ್ಟೆ, ಗೋಧಿ ಎಂದು ಒಂದೊಂದಾಗಿ ಬಿಡಿಸುತ್ತ ಹೋಗುವುದು ಬಹಳ ಮನೆಗಳಲ್ಲಿ ನಡೆಯುತ್ತದೆ. ಪರೀಕ್ಷೆಯಿಲ್ಲದೆ ಹೀಗೆ ಮಾಡಬಾರದು. ಮಗು ಸೊರಗುವುದು ಒಂದು ಕಡೆ. ತಿನ್ನುತ್ತಲೇ ಇದ್ದುದರಿಂದ ಉಳಿದಿದ್ದ ಸಹನೆ ಬಿಟ್ಟ ಮೇಲೆ ಹೋಗಿ, ಮುಂದೆ ಅದೇ ಆಹಾರ ಬಾಯಿಗೆ ಬಿದ್ದಾಗ ಪ್ರಾಣಾಪಾಯದ ಅಲರ್ಜಿಯಾದ ಉದಾಹರಣೆಗಳಿವೆ. 2015ರಲ್ಲಿ ಬ್ರಿಟನ್‌ನಿಂದ ಬಂದ ಅಧ್ಯಯನವೊಂದು, ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ ಕೂಸುಗಳಿಗೆ ಕಡಲೆಕಾಯಿ ಅಂಶವನ್ನು 4ರಿಂದ 11 ತಿಂಗಳೊಳಗೆ ವೈದ್ಯರ ನಿಗಾದಲ್ಲಿ ಶುರುಮಾಡಿದಾಗ ಐದನೇ ವಯಸ್ಸಿಗೆ ಅಲರ್ಜಿ ಶೇ. 3.2ರಷ್ಟು, ದೂರವಿಟ್ಟವರಲ್ಲಿ ಶೇ. 17.2ರಷ್ಟು ಎಂದು ತೋರಿಸಿತು. ಒಂದು ಆಹಾರ ತಿಂದ ನಿಮಿಷಗಳಿಂದ ಎರಡು ಗಂಟೆಯೊಳಗೆ ಗಂಧೆ ಏಳುವುದು, ತುಟಿ ಊದುವುದು ಆದರೆ ಅದು ಬೇರೆ ಮಾತು, ಅಲರ್ಜಿ ತಜ್ಞರನ್ನು ಕಾಣಬೇಕು. ಮೊಣಕೈ, ಮೊಣಕಾಲು, ಪೃಷ್ಠಗಳ ಮೇಲೆ ಗುಂಪು ಗುಂಪಾಗಿ ಸಣ್ಣ ಗುಳ್ಳೆ, ನಿದ್ದೆಗೆಡಿಸುವ ನವೆ ಇದ್ದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಕಾರಣವಿರಬಹುದು. ಆಗಲೂ ಪರೀಕ್ಷೆಯ ಮೊದಲೇ ಗೋಧಿ ಬಿಡಬೇಡಿ, ಬಿಟ್ಟರೆ ಪರೀಕ್ಷೆಯಲ್ಲಿ ರೋಗ ಸಿಗದೆ ಹೋಗುತ್ತದೆ.

ಮೊಡವೆ ಇರುವ ದೊಡ್ಡವರು ಮಾತ್ರ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ನೋಡಬಹುದು. ಬದಲಿಸುವುದು ಒಂದೇ ಒಂದು ಸಂಗತಿ: ಸಕ್ಕರೆ ಪಾನೀಯ ಅಥವಾ ವೇ ಪುಡಿ, ಎರಡೂ ಒಟ್ಟಿಗೆ ಬೇಡ. ಹಚ್ಚುವ ಔಷಧ, ಸೋಪು, ಕ್ರೀಮ್ ಆ ಅವಧಿಯಲ್ಲಿ ಮೊದಲಿನಂತೆಯೇ ಇರಲಿ. ವಾರಕ್ಕೊಮ್ಮೆ ಅದೇ ದಿನ, ಅದೇ ಕಿಟಕಿಯ ಬೆಳಕಲ್ಲಿ, ಮುಖ ತೊಳೆದು ಅರ್ಧ ಗಂಟೆಯ ನಂತರ ಎದುರು ಮತ್ತು ಎರಡು ಬದಿಯಿಂದ ಫೋಟೊ ತೆಗೆದು, ಹೊಸ ಗುಳ್ಳೆಗಳನ್ನು ಎಣಿಸಿ ಬರೆದಿಡಿ. ಮುಟ್ಟಾಗುವ ಹೆಂಗಸರು ಆ ತಾರೀಖನ್ನೂ ಪಕ್ಕದಲ್ಲಿ ಗುರುತಿಸಲಿ, ಮುಟ್ಟಿನ ಹಿಂದಿನ ವಾರ ಏಳುವ ಗುಳ್ಳೆಗಳನ್ನು ಊಟದ ತಲೆಗೆ ಕಟ್ಟಿದಂತಾಗಬಾರದು. ಮೊದಲ ನಾಲ್ಕು ವಾರಗಳ ಎಣಿಕೆಯಿಂದ ಏನೂ ತೀರ್ಮಾನಿಸಬೇಡಿ. 12 ವಾರ ಮುಗಿದ ಮೇಲೆ ಬಿಟ್ಟದ್ದನ್ನು ಮತ್ತೆ ಶುರುಮಾಡಿ ಇನ್ನೂ ಆರರಿಂದ ಎಂಟು ವಾರ ಎಣಿಸಿ; ಗುಳ್ಳೆಗಳ ಸಂಖ್ಯೆ ಮತ್ತೆ ಏರಿದರೆ ಮಾತ್ರ ನಿಮ್ಮ ಚರ್ಮಕ್ಕೂ ಆ ಆಹಾರಕ್ಕೂ ನಂಟಿದೆ ಎನ್ನಬಹುದು. ಗಂಟುಗಟ್ಟಿ ನೋಯುವ, ಕುಳಿ ಬೀಳಿಸುವ ಮೊಡವೆಯಾದರೆ ಇಷ್ಟು ತಿಂಗಳು ಕಾಯದೆ ಮೊದಲ ವಾರವೇ ಚರ್ಮವೈದ್ಯರಲ್ಲಿ ಚಿಕಿತ್ಸೆ ಶುರುಮಾಡಬೇಕು, ಒಮ್ಮೆ ಬಿದ್ದ ಕುಳಿಯನ್ನು ಯಾವ ಊಟವೂ ತುಂಬುವುದಿಲ್ಲ.